ಐದು ವರ್ಷಕ್ಕೊಬ್ಬ ಅರಸ

ಅರಸೊತ್ತಿಗೆ ಎಂದೊಡನೆ ಒಬ್ಬನ ಮಾತೇ ಕಾನೂನಾಗಿರುವ ನಾಡು ನಮ್ಮ ಕಣ್ಣ ಮುಂದೆ ಬರುತ್ತದೆ. ಗಲ್ಫ್ ದೇಶಗಳಲ್ಲಿ ದುಡಿಯುವ ಬಂಧುಗಳು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಅವರ ಬಾಯಿಂದ ನಾವು ಹೆಚ್ಚಾಗಿ ಕೇಳಿರುವುದೂ ದೊರೆಯೇ ಆಳುವ ವ್ಯವಸ್ಥೆಯ ಬಗ್ಗೆ. ಆದರೆ ಮುಸ್ಲಿಮರು ಬಹುಸಂಖ್ಯಾತರಾಗಿರುವ ಮಲೇಷ್ಯಾದಲ್ಲಿ ಅರಸನಿದ್ದಾನೆ, ಆಡಳಿತ ಮಾತ್ರ ಸಂಸತ್ತಿಗೆ ಉತ್ತರ ಹೇಳಬೇಕಾದ ಮಂತ್ರಿಮಂಡಲದ ಕೈಯಲ್ಲಿದೆ.

1946ರಲ್ಲಿ ಬ್ರಿಟಿಷರು ಮಲಯನ್ ಯೂನಿಯನ್ ರಚಿಸಿ ಸುಲ್ತಾನರ ಅಧಿಕಾರ ಕಿತ್ತುಕೊಳ್ಳಲು ಹೊರಟರು. ಮಲಯ ಜನರು ಸಿಡಿದೆದ್ದರು. 1948ರಲ್ಲಿ ಆ ಯೋಜನೆಯನ್ನೇ ಕೈಬಿಡಬೇಕಾಯಿತು. ಹೀಗಾಗಿ 1957ರ ಆಗಸ್ಟ್ 31ರಂದು ಸ್ವಾತಂತ್ರ್ಯ ಬರುವಾಗ ಸುಲ್ತಾನರನ್ನು ಬಿಡುವಂತಿರಲಿಲ್ಲ. ಒಂಬತ್ತು ಅರಸರಿದ್ದುದರಿಂದ ಒಂದೇ ಮನೆತನಕ್ಕೆ ಪಟ್ಟ ಕಟ್ಟುವಂತೆಯೂ ಇರಲಿಲ್ಲ. ಸಂವಿಧಾನದ ಕರಡು ಸಿದ್ಧಪಡಿಸಿದ ರೀಡ್ ಆಯೋಗದಲ್ಲಿ ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಬಿ. ಮಲಿಕ್ ಅವರೂ ಇದ್ದರು. ಕೊನೆಗೆ ಒಪ್ಪಿದ ಏರ್ಪಾಡು ಇದು: ಒಂಬತ್ತು ಅರಸರು ಗುಪ್ತ ಮತದಾನದಿಂದ ತಮ್ಮಲ್ಲೊಬ್ಬರನ್ನು ಐದು ವರ್ಷದ ಮಟ್ಟಿಗೆ ರಾಷ್ಟ್ರದ ದೊರೆಯಾಗಿ ಆರಿಸಬೇಕು. 2024ರ ಜನವರಿ 31ರಂದು ಜೊಹೋರಿನ ಸುಲ್ತಾನ್ ಇಬ್ರಾಹೀಂ 17ನೆಯ ದೊರೆಯಾದರು.

ದೊರೆಯ ಕೆಲಸವೇನು? ನಮ್ಮ ರಾಷ್ಟ್ರಪತಿಯವರಂತೆ ಅವರೂ ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು. ಎರಡು ಮುಖ್ಯ ವಿಷಯಗಳಲ್ಲಿ ಮಾತ್ರ ಸ್ವಂತ ವಿವೇಚನೆ ಬಳಸಬಹುದು: ಬಹುಮತದ ವಿಶ್ವಾಸ ಗಳಿಸಬಲ್ಲವರೆಂದು ತೋರುವವರನ್ನು ಪ್ರಧಾನಿಯಾಗಿ ನೇಮಿಸುವುದು, ಸಂಸತ್ತನ್ನು ವಿಸರ್ಜಿಸಬೇಕೆಂಬ ಕೋರಿಕೆಗೆ ಒಪ್ಪದಿರುವುದು.

ಈ ಗಡಿ ಜಗಳವಿಲ್ಲದೆ ಗಟ್ಟಿಯಾದದ್ದಲ್ಲ. ಮಸೂದೆಗೆ ದೊರೆ ಅಂಕಿತ ಹಾಕದಿದ್ದರೆ ಏನು ಮಾಡಬೇಕು ಎಂಬ ವಿಷಯದಲ್ಲಿ 1983ರಲ್ಲಿ ಪ್ರಧಾನಿ ಮಹಾತಿರ್ ಮತ್ತು ಸುಲ್ತಾನರ ನಡುವೆ ದೊಡ್ಡ ತಿಕ್ಕಾಟವಾಯಿತು. 30 ದಿನಗಳಲ್ಲಿ ಅಂಕಿತ ಬೀಳದಿದ್ದರೂ ಮಸೂದೆ ಕಾನೂನಾಗುತ್ತದೆ ಎಂದು 1994ರ ತಿದ್ದುಪಡಿ ತೀರ್ಮಾನಿಸಿತು. ಅದಕ್ಕೂ ಮೊದಲು, ಹಾಕಿ ತರಬೇತುದಾರರೊಬ್ಬರು ಅರಮನೆಯಲ್ಲಿ ತಮ್ಮ ಮೇಲೆ ಹಲ್ಲೆಯಾಯಿತೆಂದು ದೂರಿದಾಗ ದೇಶವೇ ತಲ್ಲಣಿಸಿತ್ತು. ಅರಸರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂಬ ರಕ್ಷಣೆಯನ್ನು 1993ರಲ್ಲಿ ತೆಗೆದುಹಾಕಿ, ಅವರ ವಿಚಾರಣೆಗೆಂದೇ ವಿಶೇಷ ನ್ಯಾಯಾಲಯ ಸ್ಥಾಪಿಸಿದರು. ಒಬ್ಬ ಸಾಮಾನ್ಯನ ದೂರು ಸಂವಿಧಾನವನ್ನೇ ಬದಲಿಸಿತು.

ಹಾಗಾದರೆ ದೊರೆ ಬರಿಯ ಅಲಂಕಾರವೇ? ಅಲ್ಲ. 2022ರ ನವೆಂಬರ್ 19ರ ಚುನಾವಣೆಯಲ್ಲಿ 222 ಸ್ಥಾನಗಳ ಸಭೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಅಂದಿನ ದೊರೆ, ಪಹಾಂಗಿನ ಸುಲ್ತಾನ್ ಅಬ್ದುಲ್ಲಾ, ನಾಯಕರನ್ನು ಕರೆಸಿ ಮಾತಾಡಿದರು, ಉಳಿದ ಅರಸರೊಂದಿಗೂ ಸಮಾಲೋಚಿಸಿದರು. 24ರಂದು ಅನ್ವರ್ ಇಬ್ರಾಹೀಂ ಪ್ರಧಾನಿಯಾದರು. ಡಿಸೆಂಬರಿನಲ್ಲಿ ಅವರು ಸಂಸತ್ತಿನಲ್ಲೇ ವಿಶ್ವಾಸಮತ ಗೆದ್ದು ತೋರಿಸಬೇಕಾಯಿತು. ದೊರೆ ಬಾಗಿಲು ತೆರೆದರು. ಒಳಗೆ ಉಳಿಯುವ ಹಕ್ಕು ಕೊಟ್ಟದ್ದು ಜನಪ್ರತಿನಿಧಿಗಳು.

ಈ ವ್ಯವಸ್ಥೆಗೂ ಕೊರತೆಯಿದೆ. ಸಾಮಾನ್ಯ ಪ್ರಜೆಯ ಮಗ ಎಷ್ಟೇ ಯೋಗ್ಯನಾದರೂ ಅಲ್ಲಿ ದೊರೆಯಾಗಲಾರ. ನಮ್ಮ ದೇಶದಲ್ಲಿ ಅತ್ಯುನ್ನತ ಪದವಿಯ ಬಾಗಿಲು ಯಾವ ಮನೆಯ ಮಗುವಿಗೂ ಮುಚ್ಚಿಲ್ಲ. ಅದು ನಾವು ಜೋಪಾನ ಮಾಡಬೇಕಾದ ಸಂಪತ್ತು. ಆದರೂ ಮಲೇಷ್ಯಾದಿಂದ ನಾವು ಕಲಿಯಬೇಕಾದದ್ದು ಇದೆ. ಅಧಿಕಾರ ಅಮಾನತ್. ಅವಧಿ, ಮಿತಿ, ಲೆಕ್ಕ ಒಪ್ಪಿಸುವ ಜಾಗ, ಈ ಮೂರೂ ಇದ್ದರೆ ಮಾತ್ರ ಅದು ಅಮಾನತ್ ಆಗಿ ಉಳಿಯುತ್ತದೆ. ದೇಶದ ಸಂಸತ್ತಿಗೂ ನಮ್ಮ ಜಮಾಅತ್ ಕಮಿಟಿಗೂ ಈ ಮಾತು ಒಂದೇ. ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ನಾವು ಎದ್ದು ಹೋಗದೆ, ಕುಳಿತು ಕೇಳೋಣ.