ಮೈಎಸ್‌ಕ್ಯೂಎಲ್‌ನ ಎರಡು ವಿಕ್ರಯಗಳು

2008ನೆಯ ಇಸವಿಯ ಜನವರಿ 16ರಂದು ಅಮೆರಿಕದ ಸನ್ ಮೈಕ್ರೊಸಿಸ್ಟಮ್ಸ್ ಕಂಪನಿಯು ಸ್ವೀಡನ್ನಿನ ಮೈಎಸ್‌ಕ್ಯೂಎಲ್ ಎಬಿ ಎಂಬ ಸಂಸ್ಥೆಯನ್ನು ಸುಮಾರು 100 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಆ ಸಂಸ್ಥೆಯ ಮುಖ್ಯ ಸ್ವತ್ತಾದರೋ, ಯಾರು ಬೇಕಾದರೂ ಬಿಟ್ಟಿಯಾಗಿ ಪಡೆದು, ತಿದ್ದಿ, ಪರರಿಗೆ ಹಂಚಬಹುದಾಗಿದ್ದ ಒಂದು ಡೇಟಾಬೇಸ್ ತಂತ್ರಾಂಶ. ಕ್ರಯಪತ್ರದಲ್ಲಿ ಸ್ವತ್ತಿನ ಚಕ್ಕುಬಂದಿಯನ್ನು ನಮೂದಿಸುವುದು ರೂಢಿ. ಬೇಲಿಯೇ ಇಲ್ಲದ ಈ ಸ್ವತ್ತಿಗೆ ಚಕ್ಕುಬಂದಿ ಯಾವುದು? ಸನ್ ಕೊಂಡದ್ದಾದರೂ ಏನನ್ನು?

ಉತ್ತರವು ಪರವಾನಗಿಯ ಸ್ವರೂಪದಲ್ಲಿ ಅಡಗಿದೆ. ಫಿನ್‌ಲೆಂಡಿನ ಮೈಕೆಲ್ ವಿಡೇನಿಯಸ್, ಸ್ವೀಡನ್ನಿನ ಡೇವಿಡ್ ಆಕ್ಸ್‌ಮಾರ್ಕ್ ಮತ್ತು ಆಲನ್ ಲಾರ್ಸನ್ ಎಂಬ ಮೂವರು 1995ರಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ತಂತ್ರಾಂಶದ ಹೆಸರಿನ ಮೊದಲ ಭಾಗವು ವಿಡೇನಿಯಸ್ಸನ ಮಗಳ ಹೆಸರು. 2000ದಲ್ಲಿ ಇದನ್ನು ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ಜನರಲ್ ಪಬ್ಲಿಕ್ ಲೈಸೆನ್ಸಿನ ಅಡಿಯಲ್ಲಿ ಬಿಡುಗಡೆ ಮಾಡಲಾಯಿತು. ಆ ಪರವಾನಗಿಯ ಷರತ್ತು ಬಿಗಿಯಾದುದು: ಇಂಥ ತಂತ್ರಾಂಶವನ್ನು ತನ್ನ ಸರಕಿನೊಳಗೆ ಬೆಸೆದು ಹಂಚುವವನು ತನ್ನ ಸರಕಿನ ಮೂಲಸಂಕೇತವನ್ನೂ ಅದೇ ಷರತ್ತಿನ ಮೇಲೆ ತೆರೆದಿಡಬೇಕು. ತೆರೆದಿಡಲು ಒಪ್ಪದ ವ್ಯಾಪಾರಿಗೆ ಮೈಎಸ್‌ಕ್ಯೂಎಲ್ ಸಂಸ್ಥೆಯು ಅದೇ ತಂತ್ರಾಂಶವನ್ನು ಬೇರೊಂದು ಪರವಾನಗಿಯ ಮೇಲೆ ಹಣಕ್ಕೆ ಮಾರುತ್ತಿತ್ತು. ಹೀಗೆ ಎರಡನೆಯ ಪರವಾನಗಿ ಕೊಡುವ ಅಧಿಕಾರ ಕೃತಿಸ್ವಾಮ್ಯವುಳ್ಳವನಿಗೆ ಮಾತ್ರ ಉಂಟು. ಆದುದರಿಂದಲೇ ಹೊರಗಿನವರು ಬರೆದು ಕೊಡುವ ತಿದ್ದುಪಡಿಗಳ ಹಕ್ಕನ್ನೂ ಸಂಸ್ಥೆಯು ತನ್ನ ವಶಕ್ಕೆ ಬರೆಸಿಕೊಳ್ಳುತ್ತಿತ್ತು. ಬಳಕೆ ಸರ್ವರದು, ಒಡೆತನ ಒಬ್ಬರದು. ಸನ್ ತೆತ್ತ ಬೆಲೆಯ ಬಹುಭಾಗ ಈ ಒಡೆತನಕ್ಕೆ, ಹೆಸರಿಗೆ, ನುರಿತ ನೌಕರರಿಗೆ ಮತ್ತು ವರ್ಷವರ್ಷವೂ ನೆರವಿಗಾಗಿ ಚಂದಾ ತೆರುವ ಗಿರಾಕಿಗಳಿಗೆ ಸಂದದ್ದು.

ಇದರ ಬೆಲೆಯನ್ನು ಆರೇಕಲ್ ಕಂಪನಿ ಮೊದಲೇ ಅರಿತಿತ್ತು. ಡೇಟಾಬೇಸ್ ವ್ಯಾಪಾರವೇ ಅದರ ಜೀವಾಳ. 2005ರ ಅಕ್ಟೋಬರಿನಲ್ಲಿ ಅದು ಫಿನ್‌ಲೆಂಡಿನ ಇನ್ನೊಬೇಸ್ ಎಂಬ ಪುಟ್ಟ ಸಂಸ್ಥೆಯನ್ನು ಕೊಂಡಿತು. ಒಂದು ಖಾತೆಗೆ ಖರ್ಚು ಬರೆದು, ಇನ್ನೊಂದಕ್ಕೆ ಜಮಾ ಬರೆಯುವ ಮುನ್ನ ಯಂತ್ರ ನಿಂತುಹೋದರೆ, ಮೊದಲು ಬರೆದುದನ್ನೂ ರದ್ದುಪಡಿಸಿ ಲೆಕ್ಕವನ್ನು ಸರಿಯಾಗಿ ಉಳಿಸುವ ವ್ಯವಸ್ಥೆಯೊಂದು ಬೇಕಷ್ಟೆ. ಮೈಎಸ್‌ಕ್ಯೂಎಲ್‌ಗೆ ಆ ಶಕ್ತಿಯನ್ನು ಕೊಡುತ್ತಿದ್ದುದು ಇನ್ನೊಬೇಸಿನ ಇನ್ನೊಡಿಬಿ. ಎದುರಾಳಿಯ ಮನೆಯ ನಡುಗಂಬವನ್ನೇ ಕೊಂಡಂತಾಯಿತು.

ಸನ್‌ಗೆ ಈ ಖರೀದಿ ಫಲಿಸಲಿಲ್ಲ. ಅದರ ವ್ಯಾಪಾರವೇ ಕುಸಿಯುತ್ತಿತ್ತು. 2009ರ ಏಪ್ರಿಲ್ 20ರಂದು ಆರೇಕಲ್ ಸುಮಾರು 740 ಕೋಟಿ ಡಾಲರುಗಳಿಗೆ ಸನ್ ಕಂಪನಿಯನ್ನೇ ಕೊಳ್ಳುವುದಾಗಿ ಸಾರಿತು. ಮೈಎಸ್‌ಕ್ಯೂಎಲ್ ಎರಡನೆಯ ಸಲ ಕೈಬದಲಾಯಿಸುವುದರಲ್ಲಿತ್ತು. ಈ ಸಲ ಪ್ರತಿಸ್ಪರ್ಧಿಯ ಕೈಗೆ.

ಯುರೋಪಿಯನ್ ಕಮಿಷನ್ ಸೆಪ್ಟೆಂಬರಿನಲ್ಲಿ ಆಳವಾದ ವಿಚಾರಣೆಗೆ ತೊಡಗಿತು. ಆಗ ಎದ್ದ ವಾದವೇ ಈ ಇತಿಹಾಸದ ತಿರುಳು. ಮೂಲಸಂಕೇತವು ಎಲ್ಲರ ಕೈಯಲ್ಲಿರುವಾಗ ಆರೇಕಲ್ ಅದನ್ನು ಕೊಲ್ಲುವುದು ಹೇಗೆ ಸಾಧ್ಯ, ಪ್ರತಿಯೆತ್ತಿಕೊಂಡು ಮುಂದುವರಿಸಬಹುದಲ್ಲವೆ ಎಂದು ಒಂದು ಪಕ್ಷ. ಆ ಪರವಾನಗಿಯನ್ನು ರೂಪಿಸಿದ ಸ್ಟಾಲ್‌ಮನ್ನನೇ ಅಕ್ಟೋಬರಿನ ಒಂದು ಪತ್ರಕ್ಕೆ ಸಹಿಮಾಡಿ ಇದನ್ನು ವಿರೋಧಿಸಿದನು: ಪ್ರತಿಯೆತ್ತಿಕೊಂಡವರಿಗೆ ಎರಡನೆಯ ಪರವಾನಗಿಯನ್ನು ಮಾರುವ ಹಕ್ಕಿಲ್ಲ, ಆ ವರಮಾನವಿಲ್ಲದೆ ಅಭಿವೃದ್ಧಿ ಕುಂಠಿತವಾಗುತ್ತದೆ. ವಿಡೇನಿಯಸ್ಸನೂ ದೊಡ್ಡ ಚಳವಳಿ ಹೂಡಿದನು. ಮೊದಲ ವಿಕ್ರಯದಲ್ಲಿ ಅವನಿಗೂ ಪಾಲು ಸಂದಿದ್ದುದನ್ನು ವಿರೋಧಿಗಳು ಎತ್ತಿ ಆಡಿದರು. ಆ ಟೀಕೆ ನ್ಯಾಯವಾದುದೇ. ಆದರೆ ಟೀಕೆಯಿಂದ ವಾದ ಸುಳ್ಳಾಗುವುದಿಲ್ಲ. ಡಿಸೆಂಬರ್ 14ರಂದು ಆರೇಕಲ್ ಐದು ವರ್ಷಗಳ ಅವಧಿಗೆ ಹತ್ತು ಬಹಿರಂಗ ವಾಗ್ದಾನಗಳನ್ನು ಕೊಟ್ಟಿತು. 2010ರ ಜನವರಿ 21ರಂದು ಕಮಿಷನ್ ಒಪ್ಪಿಗೆಯಿತ್ತಿತು.

ಮುಂದೆ ನಡೆದುದು ಎರಡೂ ಪಕ್ಷಗಳ ನಿರೀಕ್ಷೆಯನ್ನು ಅರ್ಧರ್ಧ ಮಾತ್ರ ನಿಜಮಾಡಿತು. ಆರೇಕಲ್ ಮೈಎಸ್‌ಕ್ಯೂಎಲ್ ಅನ್ನು ಕೊಲ್ಲಲಿಲ್ಲ, ಹಿಂಡಿತು ಎನ್ನಬಹುದು. ಮುಕ್ತ ಆವೃತ್ತಿ ಮುಂದುವರಿಯಿತು. ಕೆಲವು ಮೇಲ್ತರದ ಸೌಲಭ್ಯಗಳು ಹಣ ತೆರುವವರ ಆವೃತ್ತಿಗೆ ಮೀಸಲಾದವು. 2020ರಲ್ಲಿ ಹೀಟ್‌ವೇವ್ ಎಂಬ ವೇಗವರ್ಧಕವು ಬಾಡಿಗೆಯ ಸೇವೆಯಾಗಿ ಮಾತ್ರ ಬಂದಿತು. ಇತ್ತ ವಿಡೇನಿಯಸ್ ಪ್ರತಿಯೆತ್ತಿಕೊಂಡು, ಕಿರಿಯ ಮಗಳ ಹೆಸರಿನಲ್ಲಿ ಮಾರಿಯಾಡಿಬಿಯನ್ನು ಬೆಳೆಸಿದನು. 2013ರಲ್ಲಿ ವಿಕಿಪೀಡಿಯ ಅದಕ್ಕೆ ಬದಲಾಯಿತು. ಕನ್ನಡ ವಿಕಿಪೀಡಿಯದ ಪುಟಗಳೂ ಇಂದು ಅದರ ಆಶ್ರಯದಲ್ಲಿವೆ.

ಒಡೆತನವು ಹಲವರಲ್ಲಿ ಹಂಚಿಹೋದಲ್ಲಿ ಲಾಭದ ದಾರಿ ಬೇರೆ. ಲಿನಕ್ಸ್ ತಿರುಳಿನ ಕೃತಿಸ್ವಾಮ್ಯ ಸಾವಿರಾರು ಜನರದು. ಎರಡನೆಯ ಪರವಾನಗಿಯನ್ನು ಯಾರೂ ಮಾರಲಾರರು. ಅದನ್ನು ನೆಚ್ಚಿದ ರೆಡ್ ಹ್ಯಾಟ್ ಮಾರಿದುದು ಭರವಸೆಯನ್ನು: ಪರೀಕ್ಷಿಸಿದ ಆವೃತ್ತಿ, ಕಾಲಕಾಲದ ತಿದ್ದುಪಡಿ, ಕರೆದಾಗ ಓಗೊಡುವ ತಜ್ಞ. 2018ರ ಫೆಬ್ರವರಿಗೆ ಕೊನೆಗೊಂಡ ವರ್ಷದಲ್ಲಿ ಅದರ ವರಮಾನ ಸುಮಾರು 290 ಕೋಟಿ ಡಾಲರು, ಬಹುಪಾಲು ಚಂದಾದಿಂದ. 2019ರ ಜುಲೈಯಲ್ಲಿ ಐಬಿಎಂ ಅದನ್ನು ಸುಮಾರು 3,400 ಕೋಟಿ ಡಾಲರುಗಳಿಗೆ ಕೊಂಡಿತು. ವರ್ಷದ ವರಮಾನದ ಹನ್ನೊಂದು ಪಟ್ಟಿಗೂ ಮಿಕ್ಕಿದ ಈ ಬೆಲೆಯನ್ನು ಮರಳಿ ಗಳಿಸಬೇಕಾದರೆ ಚಂದಾ ಕೊಡದೆ ಬಳಸುವವರ ದಾರಿ ಕಿರಿದಾಗುವುದು ಸಹಜ. 2020ರ ಡಿಸೆಂಬರಿನಲ್ಲಿ ರೆಡ್ ಹ್ಯಾಟ್, ತನ್ನ ಆವೃತ್ತಿಯ ಉಚಿತ ಪ್ರತಿರೂಪವಾಗಿದ್ದ ಸೆಂಟ್‌ಓಎಸ್ ಲಿನಕ್ಸನ್ನು ನಿಲ್ಲಿಸುವುದಾಗಿ ಸಾರಿತು. 2023ರ ಜೂನಿನಲ್ಲಿ ತನ್ನ ಆವೃತ್ತಿಯ ಮೂಲಸಂಕೇತವನ್ನು ಸಾರ್ವಜನಿಕವಾಗಿ ಒದಗಿಸುವುದನ್ನೂ ಮೊಟಕುಗೊಳಿಸಿತು. ಇದನ್ನು ವಿರೋಧಿಸಿ, ಆ ಮೂಲಸಂಕೇತಕ್ಕೆ ಸರಿದೂಗುವುದನ್ನು ಎಲ್ಲರಿಗೂ ತೆರೆದಿಡಲು ಅದೇ ಆಗಸ್ಟಿನಲ್ಲಿ ಮೂರು ಕಂಪನಿಗಳು ಕೂಡಿ ಒಂದು ಸಂಘ ಕಟ್ಟಿದವು. ಆ ಮೂರರಲ್ಲಿ ಆರೇಕಲ್ ಒಂದು.