ಹಲಸಿನ ಪೋಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಲಸಿನ ಹಣ್ಣು ಮರದಡಿಯಲ್ಲೇ ಕೊಳೆಯುವುದರಿಂದ ಆಗುವ ಆಹಾರನಷ್ಟ. ಇಲ್ಲಿನ ಮನೆಗಳಲ್ಲಿ ಹಲಸು ಪೋಲಾಗದಂತೆ ಬಳಸುವ ರೂಢಿಯೂ ಇದೆ: ಬೇಸಿಗೆಯಲ್ಲಿ ಬಲಿತ ಕಾಯಿಯ ತೊಳೆಯನ್ನು ಬೇಯಿಸಿ, ಕುಟ್ಟಿ, ಹಪ್ಪಳ ಮಾಡಿ ಒಣಗಿಸುತ್ತಾರೆ. ಹಣ್ಣು ಕಡುಬಿಗೆ, ಬೀಜ ಮಳೆಗಾಲದ ಸಾರು-ಪಲ್ಯಕ್ಕೆ, ಸಿಪ್ಪೆ ಕೊಟ್ಟಿಗೆಯ ದನಗಳಿಗೆ. ಏನನ್ನೂ ಬಿಸಾಡದ ಈ ಅಚ್ಚುಕಟ್ಟಿಗೆ ಬಿಸಿಲೂ ಬೇಕು, ಮನೆತುಂಬ ಕೈಗಳೂ ಬೇಕು. ಆದರೆ ಹಣ್ಣಾಗುವ ಹೊತ್ತಿಗೆ ಜೂನ್ ಮಳೆ ಹಿಡಿದಿರುತ್ತದೆ. ಮನೆಗಳಲ್ಲಿ ಜನ ಕಡಿಮೆಯಾಗಿದ್ದಾರೆ. ಮರ ಹತ್ತುವವರ ಕೂಲಿ, ಸಾಗಣೆಯ ಬಾಡಿಗೆ ಸೇರಿದರೆ ಹಣ್ಣಿನ ಬೆಲೆ ಗಿಟ್ಟುವುದಿಲ್ಲ. ಅಡಿಕೆ, ಕಾಫಿಗೆ ಸಿಕ್ಕ ಮಾರುಕಟ್ಟೆ ಹಲಸಿಗೆ ಸಿಗದಿರುವುದು ನೋವಿನ ಸಂಗತಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು. ಹಲಸಿನಂತೆ ತೋಟದಲ್ಲೇ ಕೊಳೆಯುವ ಬೆಳೆ ಆ ಲೆಕ್ಕದೊಳಗಿಲ್ಲ.