ಪಿಎಲ್‌ಸಿಗೆ ಮೆಮೊರಿ ಕಾರ್ಡ್‌ನಿಂದ ಫರ್ಮ್‌ವೇರ್: ಕಾರ್ಡ್ ಹಾಕುವ ಮುಂಚೆ ಗೊತ್ತಿರಬೇಕಾದದ್ದು

ಬಾಟ್ಲಿಂಗ್ ಪ್ಲಾಂಟ್, ಪ್ಯಾಕಿಂಗ್ ಲೈನ್, ಪಂಪ್‌ಹೌಸ್‌ಗಳಲ್ಲಿ ಮೆಂಟೆನೆನ್ಸ್ ಕೆಲಸ ಮಾಡುವ ನಮ್ಮವರಿಗೆ ಪ್ಯಾನೆಲ್ ಒಳಗಿನ ಪಿಎಲ್‌ಸಿ ಹೊಸದಲ್ಲ. ಮೋಟಾರ್ ಯಾವಾಗ ತಿರುಗಬೇಕು, ವಾಲ್ವ್ ಯಾವಾಗ ಮುಚ್ಚಬೇಕು ಅಂತ ಹೇಳುವ ಪೆಟ್ಟಿಗೆ ಅದು. ಅದರೊಳಗೆ ಎರಡು ಥರದ ಸಾಫ್ಟ್‌ವೇರ್ ಇರುತ್ತದೆ. ಒಂದು ನಿಮ್ಮ ಪ್ಲಾಂಟ್‌ಗೆಂದೇ ಬರೆದ ಲ್ಯಾಡರ್ ಪ್ರೋಗ್ರಾಂ. ಇನ್ನೊಂದು, ಪಿಎಲ್‌ಸಿ ಮಾಡಿದ ಕಂಪನಿಯೇ ತುಂಬಿ ಕಳಿಸಿದ ಫರ್ಮ್‌ವೇರ್. ಇಲ್ಲಿ ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್ ಕಂಪನಿಯ ಮೆಲ್ಸೆಕ್ ಪಿಎಲ್‌ಸಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇವುಗಳಲ್ಲಿ ಐಕ್ಯೂ-ಆರ್, ಎಫ್‌ಎಕ್ಸ್5ಯು ಮುಂತಾದ ಮಾದರಿಗಳಿಗೆ ಎಸ್‌ಡಿ ಕಾರ್ಡ್‌ನಿಂದಲೇ ಫರ್ಮ್‌ವೇರ್ ಹಾಕಬಹುದು. ಎಸ್‌ಡಿ ಕಾರ್ಡ್ ಕೂಡ ಮುಕ್ಕಾಲು ಪಾಲು ಜಪಾನಿನದೇ ಅನ್ನಿ: 1999ರಲ್ಲಿ ಮತ್ಸುಶಿತಾ (ಈಗಿನ ಪ್ಯಾನಾಸೋನಿಕ್), ತೋಷಿಬಾ ಮತ್ತು ಅಮೆರಿಕದ ಸ್ಯಾನ್‌ಡಿಸ್ಕ್ ಸೇರಿ ತಂದದ್ದು.

ಕ್ರಮ ಸರಳ. ಕಂಪನಿಯ ಜಾಲತಾಣದಿಂದ ನಿಮ್ಮ ಮಾದರಿಯದೇ ಫೈಲ್ ಇಳಿಸಿಕೊಂಡು, ಹೆಸರು ಬದಲಿಸದೆ, ಕಾರ್ಡ್‌ನಲ್ಲಿ ಯಾವ ಫೋಲ್ಡರ್ ಒಳಗೂ ಹಾಕದೆ ನೇರವಾಗಿ ಇಡಬೇಕು. ಪವರ್ ಆಫ್ ಮಾಡಿ ಕಾರ್ಡ್ ಹಾಕಿ, ಮತ್ತೆ ಪವರ್ ಕೊಡಬೇಕು. ಆಗ ಯಾವ ಸ್ವಿಚ್ ಎಲ್ಲಿರಬೇಕು, ಯಾವ ಲೈಟ್ ಮಿನುಗಿದರೆ ಏನರ್ಥ ಅನ್ನೋದು ಮಾದರಿಗೊಂದು ಥರ. ಅದಕ್ಕೆ ಮ್ಯಾನ್ಯುಯಲ್ ನೋಡಲೇಬೇಕು, ಗೆಳೆಯ ಕಳಿಸಿದ ವಿಡಿಯೋ ಸಾಲದು. ಮಧ್ಯದಲ್ಲಿ ಪವರ್ ಹೋದರೆ ಪಿಎಲ್‌ಸಿ ಮತ್ತೆ ಏಳದೇ ಇರಬಹುದು. ಆದ್ದರಿಂದ ಕಂಟ್ರೋಲ್ ಸಪ್ಲೈ ಯುಪಿಎಸ್ ಮೇಲೆ ಇರಲಿ. ಕಾರ್ಡ್ ಕೂಡ ಕಂಪನಿ ಹೇಳಿದ್ದೇ ಆಗಲಿ, ಮೊಬೈಲ್‌ನಿಂದ ತೆಗೆದದ್ದು ಬೇಡ. 2 ಜಿಬಿ ದಾಟಿ 32 ಜಿಬಿವರೆಗಿನ ಕಾರ್ಡ್ ಎಸ್‌ಡಿಎಚ್‌ಸಿ ಜಾತಿಯದು, ಹಳೆಯ ಯಂತ್ರಗಳು ಅದನ್ನು ಓದದಿರಬಹುದು.

ಕಷ್ಟದ ಭಾಗ ಇದಕ್ಕೂ ಮುಂಚಿನದು. ಲ್ಯಾಡರ್ ಪ್ರೋಗ್ರಾಂ, ಪ್ಯಾರಾಮೀಟರ್, ರೆಸಿಪಿ ಡೇಟಾ ಮೂರರ ಬ್ಯಾಕಪ್ ಲ್ಯಾಪ್‌ಟಾಪ್‌ನಲ್ಲಿ ಇಲ್ಲದೆ ಕೈ ಹಾಕಬೇಡಿ. ಮೆಷಿನ್ ಕೊಟ್ಟವರು ಪ್ರೋಗ್ರಾಂಗೆ ಪಾಸ್‌ವರ್ಡ್ ಹಾಕಿದ್ದರೆ ಬ್ಯಾಕಪ್ ತೆಗೆಯಲು ಆಗದೇ ಹೋಗಬಹುದು; ಹಾಗಿದ್ದರೆ ಮೊದಲು ಅವರನ್ನೇ ಕೇಳಿ. ಹೊಸ ವರ್ಷನ್ ಬಂತು ಅನ್ನೋದೊಂದೇ ಕಾರಣಕ್ಕೆ ಓಡುತ್ತಿರುವ ಲೈನ್ ನಿಲ್ಲಿಸಬಾರದು. ಭದ್ರತಾ ದೋಷ ಇದೆಯೇ ಅಂತ ತಿಳಿಯಲು ಜಪಾನಿನ ಜೆವಿಎನ್ ಜಾಲತಾಣ ಇದೆ. ಜೆಪಿಸರ್ಟ್ ಮತ್ತು ಐಪಿಎ ಎಂಬ ಸಂಸ್ಥೆಗಳು ಸೇರಿ ನಡೆಸುವ ಇದು ಇಂಗ್ಲಿಷಿನಲ್ಲೂ ಸಿಗುತ್ತದೆ.

ನಾನು ಲೆಕ್ಕದ ಮನುಷ್ಯ, ಸ್ಪ್ಯಾನರ್ ಹಿಡಿದವನಲ್ಲ. ಆದರೆ ಲೈನ್ ನಿಂತ ಗಂಟೆಗಳ ಲೆಕ್ಕ ಬರೆಯುವುದು ನಮ್ಮಂಥವರ ಟೇಬಲ್‌ನಲ್ಲೇ. ಆಗ ಕೇಳುವ ಮೊದಲ ಪ್ರಶ್ನೆ, “ಯಾರು ಹೇಳಿದ್ದು?” ಸೂಪರ್‌ವೈಸರ್ ಬಾಯಲ್ಲಿ ಹೇಳಿದ್ದಕ್ಕೆ ಆ ಹೊತ್ತಿನಲ್ಲಿ ಬೆಲೆ ಇಲ್ಲ. ವರ್ಕ್ ಪರ್ಮಿಟ್‌ನಲ್ಲೋ ಈಮೇಲ್‌ನಲ್ಲೋ ಹಳೆಯ ವರ್ಷನ್, ಹೊಸ ವರ್ಷನ್, ಸಮಯ, ಒಪ್ಪಿದವರ ಹೆಸರು ಬರಲಿ. ಅದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.

ಕೆಲಸ ಆದ ಮೇಲೆ ವರ್ಷನ್ ನೋಡಲು ಪಕ್ಕದ ಸ್ಟಿಕ್ಕರ್ ನಂಬಬೇಡಿ. ಅದರಲ್ಲಿರುವುದು ಕಾರ್ಖಾನೆಯಿಂದ ಹೊರಟಾಗಿನ ಮಾಹಿತಿ. ಜಿಎಕ್ಸ್ ವರ್ಕ್ಸ್3 ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ, ರಿಜಿಸ್ಟರ್‌ನಲ್ಲಿ ಬರೆದಿಡಿ, ಕಾರ್ಡ್ ಹೊರಗೆ ತೆಗೆದಿಡಿ.